ನುಂಗಿದ ಮೂರು ಅಕ್ಷರ

"ಮೂರು ಅಕ್ಷರ ನುಂಗಿದ್ದೀರಲ್ರೀ! ಹೊಳೆಯನ್ನೇ ನುಂಗಿದ ಜನಕ್ಕೆ ಅಕ್ಷರ ಯಾವ ಲೆಕ್ಕ ಬಿಡಿ!"

ನಮ್ಮಪ್ಪನಿಗೆ ಮೇಯರ್ ಹರ್ಸೋಯೋ ಹೇಳಿದ ಮಾತು ಇದು. ಸೆರುತ್ ಹೊಳೆಯ ದಂಡೆಯ ಮೇಲೆ, ಬುಲ್ಡೋಜರಿನ ಮುಂದೆ, ಟಿವಿಯವರು, ಪೊಲೀಸರು, ನಮ್ಮ ಕೇರಿಯ ನೂರ ಹನ್ನೆರಡು ಮನೆಯ ಹೆಂಗಸರು ಮಕ್ಕಳ ಎದುರಿಗೆ. ಅಪ್ಪ ಕೊಟ್ಟ ಅರ್ಜಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ತೋರುಬೆರಳಿನಲ್ಲಿ ಕುಟ್ಟಿ ಕುಟ್ಟಿ ತೋರಿಸಿದ. ಇಲ್ಲೊಂದು. ಇಲ್ಲೊಂದು. ಇಗೋ, ಇಲ್ಲೊಂದು.

"ಮೊದಲು ಬರೆಯೋದು ಕಲ್ತು ಬನ್ನಿ ಯಜಮಾನ್ರೆ. ಆಮೇಲೆ ಕಾನೂನು ಮಾತಾಡೋಣ."

ಟಿವಿಯವರು ನಕ್ಕರು. ಪೊಲೀಸರು ನಕ್ಕರು. ನಮ್ಮವರಲ್ಲೂ ಇಬ್ಬರು ಮೂವರು ನಕ್ಕರು. ದೊಡ್ಡವರು ನಕ್ಕರೆ ಬಡವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಅವರ ತಪ್ಪಲ್ಲ. ಅಲ್ಲ, ಅವರ ತಪ್ಪೇ.

ಅಪ್ಪನೂ ನಕ್ಕ. ಅದು ನನ್ನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿದೆ. ಅಪ್ಪ ಸಾನಿಪ್‌ಗೆ ಓದು ಬಾರದು. ಬೆರಳು ಕುಟ್ಟಿದ ಕಡೆ ಏನು ತಪ್ಪಿದೆ ಅಂತ ಅವನಿಗೆ ಕಾಣಿಸಲೇ ಇಲ್ಲ. ಅರ್ಜಿ ಬರೆದವನು ನಾನು. ಆಗ ಹದಿನಾಲ್ಕು ವರ್ಷ. ಕೇರಿಯಲ್ಲಿ ಅಕ್ಷರ ದುಂಡಗೆ ಬರೆಯುವ ಹುಡುಗ ರೊಜಾಲಿ ಅಂತ ಹೆಸರು ಬೇರೆ. ಹಿಂದಿನ ದಿನವೇ ಕರೆಂಟು ಕಿತ್ತಿದ್ದರು. ಮೇಣದಬತ್ತಿ ಹಿಡಿದು ಹದಿನಾಲ್ಕು ಸಾಲು ಸರಿಯಾಗಿ ಬರೆದಿದ್ದೆ: ನಮ್ಮಜ್ಜ ಯಾವಾಗ ಬಂದ, ಅಪ್ಪ ಎಷ್ಟು ವರ್ಷದಿಂದ ಹಗ್ಗ ಎಳೆದು ತೆಪ್ಪದಲ್ಲಿ ಜನರನ್ನು ದಾಟಿಸುತ್ತಿದ್ದಾನೆ, ಎಲ್ಲ. ಕೊನೆಯ ಸಾಲಿಗೆ ಬರುವಾಗ ಬತ್ತಿ ಮುಗಿಯುತ್ತಿತ್ತು. ಆ ಸಾಲಿನಲ್ಲಿ ಮೂರು ಅಕ್ಷರ ಬಿಟ್ಟುಹೋದವು. ಮೇಲಿನ ಹದಿನಾಲ್ಕು ಸಾಲನ್ನು ಆತ ಓದಲೇ ಇಲ್ಲ.

ಕಾಗದ ಮಡಚಿ ಅಪ್ಪನ ಬಾಟಿಕ್ ಅಂಗಿಯ ಜೇಬಿಗೆ ತುರುಕಿ, ಜೇಬಿನ ಮೇಲೆ ಎರಡು ಸಲ ತಟ್ಟಿ ಹೋದ. ಸಂಜೆಯೊಳಗೆ ಕೇರಿ ಇರಲಿಲ್ಲ. ತೆಪ್ಪವನ್ನು ಕ್ರೇನಿನಲ್ಲಿ ಎತ್ತಿ ಲಾರಿಗೆ ಎಸೆದರು. ಮಾರನೆ ದಿನದಿಂದ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ.

ಊರೆಲ್ಲ ಆ ಮೇಯರನ್ನು ಬಾಪಾಕ್ ಅನ್ನುತ್ತದೆ. ಅಂದರೆ ಅಪ್ಪ. ನನ್ನ ಬಾಯಿಂದ ಆ ಶಬ್ದ ಐದು ವರ್ಷ ಹೊರಟಿಲ್ಲ.

ಈಗ ನಾವು ಸರಕಾರಿ ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿದ್ದೇವೆ. ಅಪ್ಪ ಮಸೀದಿಯ ಬಾಗಿಲಲ್ಲಿ ಚಪ್ಪಲಿ ಕಾಯುತ್ತಾನೆ. ನಾನು ಹೂವಿನ ಓಣಿಯಲ್ಲಿ, ಜುಲೇಹಾ ಅಕ್ಕನ ಅಂಗಡಿಯಲ್ಲಿ ಹೂವಿನ ಬೋರ್ಡು ಕಟ್ಟುತ್ತೇನೆ. ಎರಡಾಳೆತ್ತರದ ಹಲಗೆ, ಅದಕ್ಕೆ ಬಟ್ಟೆ, ಸುತ್ತ ಸೇವಂತಿಗೆ, ನಡುವೆ ಥರ್ಮಾಕೋಲಿನಲ್ಲಿ ಕತ್ತರಿಸಿದ ಅಕ್ಷರಗಳನ್ನು ಗುಂಡುಸೂಜಿಯಲ್ಲಿ ಚುಚ್ಚಿ ನಿಲ್ಲಿಸಬೇಕು. ಸಾವಿಗೆ, ಮದುವೆಗೆ, ಹೊಸ ಅಂಗಡಿಗೆ, ಎಲ್ಲದಕ್ಕೂ ಬೋರ್ಡು ಬೇಕು. ಕೆಲಸ ಮುಗಿದ ಮೇಲೆ ಬೋರ್ಡು ವಾಪಸು ತಂದು ಅಕ್ಷರ ಕಿತ್ತು ಡಬ್ಬಕ್ಕೆ ಹಾಕಿದರೆ ಮತ್ತೆ ಬಳಕೆಗೆ ಬರುತ್ತವೆ. ಸತ್ತವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಮನೆಯವರು ಬಾಗಿಲಿನಿಂದಲೇ ಬೋರ್ಡು ಹಿಂದಕ್ಕೆ ಕಳಿಸುತ್ತಾರೆ. ನಾಲ್ಕು ವರ್ಷದಲ್ಲಿ ನನ್ನದು ಒಂದೂ ಹಿಂದೆ ಬಂದಿಲ್ಲ. "ರೊಜಾಲಿ ಚುಚ್ಚಿದ್ದು ಅಂದ್ರೆ ಕಣ್ಣು ಮುಚ್ಚಿ ಲೋಡ್ ಮಾಡಿ" ಅನ್ನುತ್ತಾಳೆ ಅಕ್ಕ.

ಈ ಸಲ ಚುನಾವಣೆಯಲ್ಲಿ ಆ ಮೇಯರ್ ಸೋತ. ನಾನು ಕುಣಿಯಬೇಕು ಅಂತಿದ್ದೆ. ಆದರೆ ಮಾರನೆ ದಿನದಿಂದ ಊರಿಗೆ ಅಳುವ ಕಾಯಿಲೆ ಬಂತು. ನಗರಸಭೆಯ ಮುಂದೆ ಅವನಿಗೆ ಹೂವಿನ ಬೋರ್ಡು ನಿಲ್ಲಿಸತೊಡಗಿದರು. ಹತ್ತಾಯಿತು, ನೂರಾಯಿತು, ಅಂಗಳ ತುಂಬಿ ಬೇಲಿಗೆ ಬಂತು, ಬೇಲಿ ತುಂಬಿ ಫುಟ್‌ಪಾತಿಗೆ ಬಂತು. ಒಂಬತ್ತು ದಿನ ನಾನು ಅವನಿಗೆ ಧನ್ಯವಾದ ಚುಚ್ಚಿದೆ. "ನಿಮ್ಮಂಥವರು ಇನ್ನು ಸಿಗರು." ಚುಚ್ಚಿದೆ. "ಎದೆ ಒಡೆದ ಮೂರನೇ ಬ್ಲಾಕಿನ ಗೃಹಿಣಿಯರು." ಚುಚ್ಚಿದೆ. "ಹೊಳೆದಂಡೆ ಕೊಟ್ಟಿರಿ, ಉಸಿರು ಕೊಟ್ಟಿರಿ. ಬೆಳಗಿನ ಓಟಗಾರರ ಸಂಘ." ಇವರು ಓಡುವುದು ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ. ಅದನ್ನೂ ಚುಚ್ಚಿದೆ. ಬೆರಳಿಗೆ ಎಷ್ಟು ಸಲ ಸೂಜಿ ಹೊಕ್ಕಿತೋ.

ಅವನು ಕುರ್ಚಿ ಬಿಡುವ ದಿನ ಬೆಳಿಗ್ಗೆ ಓಣಿಯ ಹೂವಿನವರೆಲ್ಲ ಬುಟ್ಟಿ ಬುಟ್ಟಿ ಸೇವಂತಿಗೆ ತಂದು ನಮ್ಮ ಅಂಗಡಿಯ ಮುಂದೆ ಸುರಿದರು. ಅವನು ಮಾರ್ಕೆಟ್ಟಿಗೆ ಛಾವಣಿ ಹಾಕಿಸಿದ್ದನಲ್ಲ, ಅದರ ಋಣ. ಜುಲೇಹಾ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು:

"ಹೂವು ದಾನದ್ದು, ಹಲಗೆ ನಂದು. ನೀವೂ ಒಬ್ಬೊಬ್ರು ಒಂದೊಂದು ಬೋರ್ಡು ನಿಮ್ಮ ಹೆಸರಲ್ಲಿ ಕಟ್ರೋ. ಮಧ್ಯಾಹ್ನ ಬಾಪಾಕ್ ಎಲ್ಲಾನೂ ನೋಡ್ಕೊಂಡು ಹೋಗ್ತಾರಂತೆ."

ಜತೆಗೆ ಕೆಲಸ ಮಾಡುವ ದುಲ್ ಕಿಸಕ್ಕನೆ ನಕ್ಕ. "ರೊಜಾಲಿಗೆ ಹೇಳ್ಬೇಡಕ್ಕ. ಅವನು ಸಾವಿನ ಬೋರ್ಡೇ ಕಟ್ಟೋದು."

"ಕಟ್ತೀನಿ," ಅಂದೆ. "ನಮ್ಮ ಕೇರಿ ಹೆಸರಲ್ಲಿ ಕಟ್ತೀನಿ."

ಇಬ್ಬರೂ ನನ್ನ ಮುಖ ನೋಡಿದರು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವನು ಹೋಗುವ ಮುಂಚೆ ಒಂದು ಸಲ, ಜನರ ಎದುರಿಗೆ, ಅವನಿಗೆ ಆ ದಿನ ನೆನಪಾಗಬೇಕು. ಅಪ್ಪನ ಮುಖ ನೆನಪಾಗಬೇಕು. ಅಷ್ಟೇ. ಕ್ಷಮೆಗಿಮೆ ನನಗೆ ಬೇಡ. ಅವನ ಮುಖ ಒಂದು ಗಳಿಗೆ ಕಪ್ಪಾದರೆ ಸಾಕು.

ಅರ್ಜಿಯ ಕೊನೆಯ ಸಾಲನ್ನು ಇದ್ದ ಹಾಗೆಯೇ ಚುಚ್ಚಿದೆ.

"ದಯವಿಟು ನಮನ್ನು ಮರೆಬೇಡಿ. ಸೆರುತ್ ಕೇರಿಯ ಜನ."

ಬಿಟ್ಟ ಮೂರು ಅಕ್ಷರಗಳನ್ನು ಡಬ್ಬದಿಂದ ಹುಡುಕಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಅವನಿಗೆ ನೆನಪಾದ ಕೂಡಲೆ ಕೈಗೆ ಕೊಡಬೇಕು. 'ಇಗೋ, ನುಂಗಿದ್ದು ವಾಪಸ್' ಅನ್ನಬೇಕು. ಬೆಳಗಿನಿಂದ ಈ ಮಾತನ್ನು ಬಾಯಲ್ಲಿ ಉರುಳಿಸುತ್ತಿದ್ದೆ.

ಅಕ್ಕ ಸೊಂಟಕ್ಕೆ ಕೈ ಇಟ್ಟು ಬೋರ್ಡಿನ ಮುಂದೆ ನಿಂತಳು. "ಏನೋ ಇದು? ನಿನ್ನ ಕೈಯಾ ಇದು? ಮೂರು ಕಡೆ ಇಲ್ವಲ್ಲೋ!"

"ಅಕ್ಷರ ಮುಗಿದಾವೆ ಅಕ್ಕ. ಒಂಬತ್ತು ದಿನದಿಂದ ಬರೀ ಧನ್ಯವಾದ, ಧನ್ಯವಾದ. ಡಬ್ಬ ಖಾಲಿ."

"ಹಾಜಿಯೋರ ಮನೆ ಸಾವಿನ ಬೋರ್ಡು ಬಂದಿದೆಯಲ್ಲ, ಅದರಿಂದ ಕಿತ್ತು ಹಾಕು."

"ಹೆಣದ ಮುಂದಿದ್ದ ಅಕ್ಷರ ಕಿತ್ತು ಬಾಪಾಕ್‌ಗೆ ಹಾಕೋದಾ? ನೀನೇ ಹೇಳು."

ಐದು ವರ್ಷಕ್ಕೆ ಆ ಶಬ್ದ ಬಾಯಿಂದ ಹೊರಟಿತು, ಅದೂ ಸುಳ್ಳಿಗೆ. ಅಕ್ಕ ಎಡಗಡೆ ತಿರುಗಿ ತೂ ತೂ ಅಂದಳು. "ಬೇಡಪ್ಪ ಬೇಡ. ಹೀಗೇ ಇರ್ಲಿ."

ಅಪ್ಪನನ್ನು ಮಸೀದಿಯಿಂದ ಕರೆದುಕೊಂಡು ಹೋದೆ. ಅವನು ನಗರಸಭೆ ಅಂದ ಕೂಡಲೆ ಮನೆಗೆ ಹೋಗಿ ಬಾಟಿಕ್ ಅಂಗಿ ಹಾಕಿಕೊಂಡು ಬಂದ. ಅದೇ ಅಂಗಿ. ಬೇರೆ ಎಲ್ಲಿದೆ?

ಬೋರ್ಡನ್ನು ಬೇಲಿಗೆ ಒರಗಿಸುವಾಗ ಕೇಳಿದ, "ಏನು ಬರ್ದಿದೀಯೋ?"

ಓದಿ ಹೇಳಿದೆ. ಬಿಟ್ಟ ಅಕ್ಷರ ಓದುವಾಗ ತಾನಾಗಿ ಬಂದು ಕೂತುಕೊಳ್ಳುತ್ತದೆ. ಅವನ ಕಿವಿಗೆ ಸಾಲು ಪೂರ್ತಿಯಾಗೇ ಕೇಳಿಸಿತು.

"ಅರ್ಜಿದು ಅಲ್ವೇನೋ ಇದು? ಕೊನೇದು?"

"ಹೂಂ."

"ಬೇಡಿತ್ತು ಕಣೋ. ಹೋಗೋರ ಬೆನ್ನಿಗೆ ಕಲ್ಲು ಎಸೀಬಾರದು."

"ಕಲ್ಲಲ್ಲಪ್ಪ. ಹೂವು."

ಅಪ್ಪ ಬಗ್ಗಿ, ಬಾಗಿದ ಒಂದು ಸೇವಂತಿಗೆಯನ್ನು ನೆಟ್ಟಗೆ ಮಾಡಿದ. ಹಗ್ಗ ಎಳೆದೂ ಎಳೆದೂ ಅವನ ಬೆರಳು ಪೂರ್ತಿ ಮಡಚುವುದಿಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ.

ಜನ ಸೇರುತ್ತಾ ಹೋದರು. ಬಿಳಿ ಬಟ್ಟೆ ಹಾಕಿಕೊಂಡ ದೊಡ್ಡ ಮನೆಯ ಹೆಂಗಸರು, ಕಾಲೇಜು ಹುಡುಗರು, ಹಾಡುವವರು, ಕರಿದ ತೋಫು ಮಾರುವವರು. ಒಬ್ಬಾಕೆ ನಮ್ಮ ಬೋರ್ಡಿನ ಮುಂದೆ ಗಕ್ಕನೆ ನಿಂತಳು.

"ಅಯ್ಯೋ, ಇಲ್ಲಿ ಬನ್ರೇ! ಸೆರುತ್ ಕೇರಿಯೋರು! ಮನೆ ಕಳ್ಕೊಂಡೋರೇ ಕಳಿಸಿದ್ದಾರೆ ನೋಡ್ರೇ!"

"ಪಾಪ, ಬರೆಯೋಕೂ ಬರಲ್ಲ. ಆದ್ರೂ ಕಳಿಸಿದ್ದಾರೆ."

"ಹಿಡಿ ಹಿಡಿ, ಫೋಟೋ ಹಿಡಿ. ಬೈಯೋರ ಬಾಯಿಗೆ ಇದೇ ಉತ್ತರ."

ಒಬ್ಬರಾದ ಮೇಲೆ ಒಬ್ಬರು ಬೋರ್ಡಿನ ಪಕ್ಕ ನಿಂತು ಅತ್ತು ಫೋಟೋ ಹಿಡಿಸಿಕೊಂಡರು. ನಾನು ಹಲ್ಲು ಕಚ್ಚಿ ನಿಂತೆ. ಇವರಿಗೇನು ಗೊತ್ತು? ತಪ್ಪು ಹಿಡಿದವನು ಅವನು. ಎಣಿಸಿದವನು ಅವನು. ಅವನಿಗೆ ಗೊತ್ತಾಗುತ್ತದೆ.

ಅವನು ಬಂದ. ಆ ದಿನ ಕಂಡಷ್ಟು ಎತ್ತರ ಇಲ್ಲ, ಕಣ್ಣು ಊದಿದೆ. ಒಂದೊಂದೇ ಬೋರ್ಡಿಗೆ ಕೈ ಮುಗಿಯುತ್ತಾ, ಹಿಂದೆ ಮೈಕು, ಮುಂದೆ ಕ್ಯಾಮೆರಾ. ಓಟಗಾರರ ಸಂಘ ದಾಟಿದ. ಗೃಹಿಣಿಯರನ್ನು ದಾಟಿದ. ನಮ್ಮದರ ಮುಂದೆ ನಿಂತ.

ಓದಿದ. ಅವನ ತೋರುಬೆರಳು ಮೇಲೆದ್ದಿತು. ಅದೇ ಬೆರಳು. ಗಾಳಿಯಲ್ಲಿ ಮೆಲ್ಲಗೆ ಕುಟ್ಟಿತು. ಇಲ್ಲೊಂದು. ಇಲ್ಲೊಂದು. ಇಲ್ಲೊಂದು.

ನನ್ನ ಕೈ ಜೇಬಿನೊಳಗೆ ಹೋಯಿತು. ಅಕ್ಷರಗಳನ್ನು ಹಿಡಿದುಕೊಂಡೆ. ಈಗ. ಈಗ ತಿರುಗುತ್ತಾನೆ.

ತಿರುಗಿದ. ಕಣ್ಣಲ್ಲಿ ನೀರು.

"ನೋಡಿ," ಅಂದ ಮೈಕಿನಲ್ಲಿ. "ಸಾವಿರಾರು ಬೋರ್ಡು ಬಂದಿದೆ. ಎಲ್ಲಾ ಅಂಗಡಿಯೋರು ಬರೆದದ್ದು, ಚೆಂದ ಇದೆ. ಆದರೆ ಇದೊಂದು, ಇದನ್ನ ಯಾರೋ ಬಡವರು ತಮ್ಮ ಕೈಯಾರೆ ಬರೆದಿದ್ದಾರೆ. ಅಕ್ಷರ ತಪ್ಪಿದೆ. ಪ್ರೀತಿ ತಪ್ಪಿಲ್ಲ."

ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಹಾಡುವವರು ಹಾಡು ನಿಲ್ಲಿಸಿ ತಟ್ಟಿದರು.

"ಸೆರುತ್ ಕೇರಿಯೋರು ಯಾರಾದ್ರೂ ಬಂದಿದ್ದೀರಾ?"

ಆ ಹೆಂಗಸರೇ ಅಪ್ಪನನ್ನು ಮುಂದೆ ತಳ್ಳಿದರು. ಅವನು ಅಪ್ಪನನ್ನು ನೋಡಿದ, ಮುಖಕ್ಕೆ ಮುಖ ಕೊಟ್ಟು, ಕೈಯಳತೆಯಲ್ಲಿ. ನೋಡಿ, ಎರಡೂ ಕೈ ಚಾಚಿ ತಬ್ಬಿಕೊಂಡ. ಬಾಟಿಕ್ ಅಂಗಿಯ ಜೇಬು ಅವನ ಎದೆಗೆ ಒತ್ತಿಕೊಂಡಿತು. ಅವನಿಗೆ ಏನೂ ನೆನಪಾಗಲಿಲ್ಲ. ನೆನಪಾಗಲು ಅದು ಮೊದಲು ಮರೆತಿರಬೇಕಲ್ಲ. ಅವನು ಅದನ್ನು ಮನಸ್ಸಿಗೆ ಹಾಕಿಕೊಂಡೇ ಇರಲಿಲ್ಲ.

"ಫ್ಲ್ಯಾಟು ಚೆನ್ನಾಗಿದೆಯಾ ಯಜಮಾನ್ರೆ?"

"ಚೆನ್ನಾಗಿದೆ ಬಾಪಾಕ್. ನಾಲ್ಕನೇ ಮಹಡಿ. ಗಾಳಿ ಬರುತ್ತೆ."

"ಕೇಳಿದ್ರಾ?" ಅಂದ ಕ್ಯಾಮೆರಾಗಳಿಗೆ. ಮತ್ತೆ ಅಪ್ಪನಿಗೆ, "ನಿಮ್ಮನ್ನ ಮರೆಯೋದುಂಟಾ? ಸಾಯೋವರೆಗೂ ಮರೆಯಲ್ಲ."

ಅಪ್ಪ ಅವನ ತೋಳನ್ನು ಸವರಿ, "ಇಳಿದುಹೋಗಿದ್ದೀರಿ. ಹೊತ್ತು ಹೊತ್ತಿಗೆ ಊಟ ಮಾಡಿ," ಅಂದ. ಆಣೆ ಇಟ್ಟು ಹೇಳುತ್ತೇನೆ, ಅಪ್ಪ ಅದನ್ನು ಮನಸಾರೆ ಹೇಳಿದ. ತೆಪ್ಪದಿಂದ ಇಳಿಯುವ ಪ್ರತಿಯೊಬ್ಬರಿಗೂ ಅವನು ಹಾಗೇ ಏನಾದರೊಂದು ಹೇಳಿ ಕಳಿಸುತ್ತಿದ್ದ.

"ಇದನ್ನ ಬರೆದೋರು ಯಾರು?"

"ನನ್ನ ಮಗ. ಅಗೋ ಅವನೇ." ಅಪ್ಪ ನನ್ನ ಕಡೆ ಕೈ ತೋರಿಸಿದ. "ಆಗ್ಲೂ ಇವನೇ ಬರ್ದಿದ್ದ, ಬಾಪಾಕ್."

ಆ ಕೊನೆಯ ಮಾತು ಚಪ್ಪಾಳೆಯಲ್ಲಿ ಮುಳುಗಿತು. ಅವನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ 'ಆಗ' ಅಂದರೆ ಯಾವಾಗ ಅಂತ ಅವನಿಗೆ ಹೇಗೆ ತಿಳಿಯಬೇಕು? ಅವನು ನನ್ನ ಹೆಗಲಿಗೆ ಕೈ ಹಾಕಿ ಮೈಕನ್ನು ನನ್ನ ಬಾಯಿಗೆ ಹಿಡಿದ. ಹತ್ತು ಕ್ಯಾಮೆರಾ ನನ್ನ ಕಡೆ ತಿರುಗಿದವು.

"ಹೇಳು ಮಗು. ಎಷ್ಟನೇ ಕ್ಲಾಸಿನವರೆಗೆ ಓದಿದ್ದೀಯ? ಬರೆಯೋದು ಸರಿಯಾಗಿ ಕಲೀಬೇಕು ಅಂತ ಆಸೆ ಇದೆಯಾ?" ಜನರ ಕಡೆ ತಿರುಗಿದ. "ಇವನಿಗೆ ಅಕ್ಷರ ಕಲಿಸೋರು ಯಾರಾದ್ರೂ ಇದ್ದೀರಾ ಇಲ್ಲಿ?"

"ನಾನು!" ಅಂದಳು ಒಬ್ಬಳು. "ನಾನು ಕಲಿಸ್ತೀನಿ!" "ನಮ್ಮ ಮನೆಗೆ ಬರ್ಲಿ!" ಎಲ್ಲೆಲ್ಲೂ ಕೈ ಎದ್ದವು. ಹಿಂದುಗಡೆ ಜುಲೇಹಾ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಏನು ಮಾಡಿದ್ದೇನೆ ಅಂತ ಆ ಇಡೀ ಅಂಗಳದಲ್ಲಿ ಅವಳೊಬ್ಬಳಿಗೆ ಅರ್ಧ ಗೊತ್ತಿತ್ತು.

"ಹೇಳು ಮಗು, ನಾಚ್ಕೋಬೇಡ. ಎಷ್ಟನೇ ಕ್ಲಾಸು?"

ಜೇಬಿನಲ್ಲಿ ಥರ್ಮಾಕೋಲು ಪುಡಿಯಾಗಿ ಬೆರಳಿಗೆ ಅಂಟಿತ್ತು. ಅವನ ಕೈಯನ್ನು ಹೆಗಲಿನಿಂದ ಇಳಿಸಿದೆ. ಅಪ್ಪ ನಗುತ್ತಿದ್ದ, ಅದೇ ನಗು. ನಾನು ತಿರುಗಿ ನಡೆದೆ.

"ಅಳು ಬಂತು ಪಾಪ," ಅಂದರು ಯಾರೋ. "ದಾರಿ ಬಿಡಿ, ದಾರಿ ಬಿಡಿ."

ಬಿಟ್ಟರು.