ಮಂಗಳವಾರದಕ್ಕನ ಕುರ್ಚಿ

"ಎಡಕ್ಕೆ ವಾಲಿಸ್ರೀ ಗುಮಾಸ್ತರೇ, ಅಕ್ಕನ ತಲೆ ಗೋಡೆಗೆ ತಾಗುತ್ತೆ!" ಇನ್ನೊಂದು ತುದಿ ಹಿಡಿದಿದ್ದ ತಮ್ಮ ಕೂಗಿದ.

ಗುಮಾಸ್ತ ವಾಲಿಸಿದ. ಮೂರನೇ ಮಹಡಿಯಿಂದ ಸ್ಟ್ರೆಚರ್ ಇಳಿಸುವುದು ಹುಡುಗಾಟವಲ್ಲ. ಅವನದೋ, ಆರೋಗ್ಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದಕ್ಕಿಂತ ಭಾರದ್ದೇನನ್ನೂ ಎತ್ತದ ಕೈ. ಸಾಲದ್ದಕ್ಕೆ ಕಂಕುಳಲ್ಲೊಂದು ಕಡತ.

"ಆ ಫೈಲು ಎಲ್ಲಾದ್ರೂ ಇಡಿ ಗುಮಾಸ್ತರೇ," ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ ಕೆಳಮನೆಯಾಕೆ ಗದರಿದಳು. "ಇವತ್ತಾದ್ರೂ ಅವಳನ್ನ ನಿಮ್ಮ ಕಾಗದದಿಂದ ಬಿಡಿ."

ಬಿಡುವಂತಿರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಮನೋರೋಗದ ಡಾಕ್ಟರು ಬರುವ ಏರ್ಪಾಡು 'ಪ್ರಾಯೋಗಿಕ' ಎಂಬ ಹಣೆಪಟ್ಟಿ ಹೊತ್ತುಕೊಂಡೇ ಹನ್ನೊಂದು ವರ್ಷ ದಾಟಿತ್ತು. ವರ್ಷಕ್ಕೊಮ್ಮೆ ರೋಗಿಯ ಕಡೆಯವರೊಬ್ಬರು ಅರ್ಜಿ ಹಾಕಿದರಷ್ಟೇ ಮುಂದುವರಿಕೆ. ಈ ವರ್ಷದ ಗಡುವು ಇವತ್ತು ಸಂಜೆ ಐದು. ಅರ್ಜಿ ಹಾಕುತ್ತಿದ್ದವಳು ಸ್ಟ್ರೆಚರ್ ಮೇಲೆ. ಹೋದ ವಾರವೇ ಬರೆದು ತಂದು, ಸಹಿ ಮಾಡಲು ಪೆನ್ನು ತೆಗೆದಿದ್ದಳು. "ಕೊನೇ ದಿನ ಬಂದು ನನ್ನೆದುರೇ ಹಾಕಿ, ತಾರೀಖು ಸರಿಯಿರುತ್ತೆ," ಎಂದು ಪೆನ್ನು ಮುಚ್ಚಿಸಿದವನು ಇದೇ ಗುಮಾಸ್ತ. ನಿನ್ನೆ ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಏಳಲಿಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ ಅವಳು ತಂದ ಮೊದಲ ಅರ್ಜಿಯಲ್ಲಿ ಒಂದು ಗೀಟಿತ್ತು. 'ತಮ್ಮನಿಗೆ ಹುಚ್ಚು' ಎಂದು ಬರೆದು, 'ಹುಚ್ಚು' ಹೊಡೆದುಹಾಕಿ, ಮೇಲೆ 'ಕಾಯಿಲೆ' ಎಂದು ತಿದ್ದಿದ್ದಳು.

"ಹೊಡೆದು ಬರೆದದ್ದು ತಗೊಳ್ಳಲ್ಲಮ್ಮ."

"ಔಷಧಿಗೆ ಆರು ಗಂಟೆ ಬಸ್ಸು ಸಾರ್. ದಾರೀಲಿ ಇಳಿದು ಓಡ್ತಾನೆ. ಇಲ್ಲೇ ಒಬ್ಬ ಡಾಕ್ಟರು..."

"ಮೊದಲು ಗೀಟಿಲ್ಲದೆ ಬರೀರಿ."

ಸಂಜೆಯೊಳಗೆ ಬರೆದು ತಂದಳು. ಉತ್ತರ ಬರಲಿಲ್ಲ; ಮುಂದಿನ ಮಂಗಳವಾರ ಅವಳು ಬಂದಳು. ಅದರ ಮುಂದಿನದಕ್ಕೂ. ಕಚೇರಿ ಅವಳಿಗೆ 'ಮಂಗಳವಾರದಕ್ಕ' ಎಂದು ಹೆಸರಿಟ್ಟಿತು, ಸಾಹೇಬರು ಅವಳ ಕಾಟ ತಾಳಲಾರದೆ ವೆರಾಂಡದ ಬೆಂಚು ತೆಗೆಸಿದರು. ಕಡತದಲ್ಲಿ 'ದುರಸ್ತಿಗಾಗಿ' ಎಂದು ದುಂಡಗೆ ಬರೆದವನು ಗುಮಾಸ್ತ.

ಮರುವಾರ ಅವಳು ಮನೆಯಿಂದ ಹಸಿರು ಕ್ಯಾನ್ವಾಸಿನ ಮಡಚು ಕುರ್ಚಿ ಹೊತ್ತು ತಂದಳು. ಸಾಹೇಬರ ಬಾಗಿಲಿಗೆ ಎದುರಾಗಿ ಬಿಡಿಸಿ ಕೂತು, ಗಿರಾಕಿಗಳ ಅಂಗಿಗೆ ಗುಂಡಿ ಹಾಕತೊಡಗಿದಳು. ಆರು ತಿಂಗಳಲ್ಲಿ ಅರ್ಧ ಕಚೇರಿಯ ಬಟ್ಟೆ ಅವಳ ಚೀಲ ಸೇರಿತ್ತು, ಸಾಹೇಬರ ಕೋಟೂ ಸೇರಿ. ಎಂಟನೇ ವರ್ಷ ಡಾಕ್ಟರು ಮಂಜೂರಾದಾಗ, ವಾರದ ಯಾವ ದಿನ ಇಡೋಣ ಎಂಬ ಪ್ರಶ್ನೆ ಎದ್ದಿತು. "ಆಯಮ್ಮ ಹೇಗೂ ಬರೋ ಮಂಗಳವಾರವೇ ಇಡ್ರೀ," ಎಂದರು ಸಾಹೇಬರು, ಗೆದ್ದವರ ಗತ್ತಿನಲ್ಲಿ.

*

ವ್ಯಾನಿನ ಬಾಗಿಲು ಮುಚ್ಚುತ್ತ ಡ್ರೈವರ್ ಕೇಳಿದ, "ಡಾಕ್ಟರಮ್ಮ ಬರಲ್ವಾ?"

"ಇವತ್ತು ಮಂಗಳವಾರ ಅಲ್ವಾ, ನಲವತ್ತು ಜನ ಕಾಯ್ತಿದಾರಂತೆ," ಎಂದ ತಮ್ಮ. ಅಕ್ಕ ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕುವ ಕೆಲಸ ಅವನದು. ಇವತ್ತು ತನ್ನ ಅಂಗಿಗೂ ಹಾಕಿಕೊಂಡಿದ್ದ. "ಅಷ್ಟು ಜನರನ್ನ ಬಿಟ್ಟು ಬಂದ್ರೆ ಅಕ್ಕ ಎದ್ದು ಬೈತಾಳೆ."

ಗುಮಾಸ್ತ ತಮ್ಮನ ಹತ್ತಿರ ಬಂದ. ಏನು ಹೇಳಿದನೋ, ಹೇಗೆ ಹೇಳಿದನೋ, ಕೊನೆಗೆ ಕಡತವಂತೂ ಹೊರಬಂತು.

"ಇದಕ್ಕೇನಾ ಅಷ್ಟು ಬೆವರ್ತಿದ್ದಿದ್ದು? ಕೊಡಿ," ಎಂದ ತಮ್ಮ.

"ನಾನು ಹಾಕ್ತೀನಿ ಬಿಡಪ್ಪ," ಕೆಳಮನೆಯಾಕೆ ಮುಂದೆ ಬಂದಳು. "ನಾನೂ ನಿನ್ನ ಅಕ್ಕ ಅಂತ ಬರ್ಕೊಳ್ಳಲಿ. ಇವನ ಸಹಿ ನಡೆಯುತ್ತೇನ್ರೀ ಗುಮಾಸ್ತರೇ?"

ಗುಮಾಸ್ತನ ಮನಸ್ಸಿನಲ್ಲಿದ್ದದ್ದೂ ಅದೇ ಅನುಮಾನ.

ತಮ್ಮ ಮಹಡಿ ಹತ್ತಿ ಹೋಗಿ ಹಸಿರು ಕುರ್ಚಿ ತಂದ. ಬೀದಿಯಲ್ಲೇ ಬಿಡಿಸಿ, ಅದರ ಮೇಲೆ ಕಡತವಿಟ್ಟು, ಮೊಣಕಾಲೂರಿ ಅಕ್ಕ ಬರೆದಿಟ್ಟಿದ್ದ ಅರ್ಜಿ ಓದಿದ: 'ಅರ್ಜಿದಾರರು: ರೋಗಿಯ ಸಂಬಂಧಿ.'

"ರೋಗಿಗೆ ಜಾಗವೇ ಇಲ್ವಲ್ಲ ಸಾರ್ ಇದ್ರಲ್ಲಿ."

"ಇಲ್ಲ... ಯಾರೂ ಕೇಳಿರ್ಲಿಲ್ಲ."

ತಮ್ಮ ಆ ಸಾಲಿಗೆ ನೇರವಾಗಿ ಗೀಟೆಳೆದ. ಪಕ್ಕದಲ್ಲಿ 'ರೋಗಿ, ನಾನೇ' ಎಂದು ಬರೆದ. ಸಹಿ ಹಾಕಿದ, ತಾರೀಖು ಹಾಕಿದ. ತಲೆಯೆತ್ತಿದ.

"ಗೀಟು ಬಿತ್ತು. ತಗೋತೀರಾ?"

ಡ್ರೈವರ್ ಎಂಜಿನ್ ಆರಿಸಿದ. ಗುಮಾಸ್ತ ಜೇಬಿನಿಂದ ಪೆನ್ನು ತೆಗೆದು, ಬಾಗಿ, ಆ ಗೀಟಿನ ಪಕ್ಕ 'ತಿದ್ದಿದ್ದು ಸರಿಯಿದೆ' ಎಂದು ದುಂಡಗೆ ಬರೆದು ತನ್ನ ಚಿಕ್ಕ ರುಜು ಹಾಕಿದ.

"ಸುಡುಗಾಡಿಗೆ ಬರ್ಬೇಡಿ, ನಾಲ್ಕಾಯ್ತು. ಓಡಿ," ಎಂದ ತಮ್ಮ. "ಈ ಕುರ್ಚಿನೂ ತಗೊಂಡ್ಹೋಗಿ. ಇನ್ಮೇಲೆ ಮಂಗಳವಾರ ನಾನು ಬರೋದು. ಪ್ರತಿ ಸಲ ಯಾರು ಹೊರ್ತಾರೆ?"

ಕಚೇರಿಯಲ್ಲಿ ಸಾಹೇಬರು ಸಭೆಯಲ್ಲಿದ್ದರು. ಅವರ ಬಾಗಿಲೆದುರು ಹಸಿರು ಕುರ್ಚಿ ಬಿಡಿಸಿ, ತೊಡೆಯ ಮೇಲೆ ಕಡತವಿಟ್ಟುಕೊಂಡು ಗುಮಾಸ್ತ ಕೂತ. ಅಟೆಂಡರ್ ಎರಡು ಸಲ ಹಾದುಹೋದ. ಕುರ್ಚಿಯ ಅಂಚು ಹಿಡಿದ ಬೆರಳಿಗೆ ಏನೋ ತಾಗಿತು. ಕ್ಯಾನ್ವಾಸಿಗೆ ಚುಚ್ಚಿಟ್ಟಿದ್ದ ಒಂದು ಸೂಜಿ. ಕಣ್ಣಿನಲ್ಲಿ ಪೋಣಿಸಿದ ಬಿಳಿ ದಾರ, ತುದಿಗೆ ಗಂಟು ಹಾಕಿ ತಯಾರಾಗಿತ್ತು.