ಮೇಲೆ ನೀಲಿ, ಕೆಳಗೆ ಹಸಿರು

ಹಳದಿ — ಯಾರದೋ ಚಾಳಿನ ಗ್ಯಾಲರಿಯಲ್ಲಿ ಒಣಗಹಾಕಿದ ಸೀರೆ, ನಿಂಬೆಹಣ್ಣಿನ ಹಳದಿಯೋ ಅರಿಸಿನದ ಹಳದಿಯೋ ಎಂದು ಪಂಕಜಾ ತೀರ್ಮಾನಿಸುವಷ್ಟರಲ್ಲಿ ಲೋಕಲ್ ಮುಂದಕ್ಕೆ ಹೋಗಿಯೇಬಿಟ್ಟಿತು, ಈಗ ಬರೀ ಗೋಡೆ, ಗೋಡೆಯ ಮೇಲೆ ಪಾಚಿ, ಹಸಿರೂ ಅಲ್ಲ ಕಪ್ಪೂ ಅಲ್ಲ, ನೆನೆಸಿಟ್ಟ ಹೆಸರುಕಾಳಿನ ಬಣ್ಣ, ಹಾಗೆ ಬರೆದರೆ ಮಾರ್ಕ್ಸ್ ಕೊಡುತ್ತಾರೆಯೇ, ಎಲ್ಲಿ ಕೊಡುತ್ತಾರೆ, ಅದಕ್ಕೆ ಇಂಗ್ಲಿಷಿನಲ್ಲಿ ಆಲಿವ್ ಎನ್ನಬೇಕಂತೆ, ಆಲಿವ್ ಕಾಯಿಯನ್ನು ಕಣ್ಣಾರೆ ಕಂಡವರು ಇಡೀ ಬೊರಿವಲಿಯಲ್ಲಿ ಒಬ್ಬರಾದರೂ ಇದ್ದಾರೋ ಇಲ್ಲವೋ. ಥೋಡಂ ಸರ್ಕಾ ನಾ ಬಾಯಿ, ಪಕ್ಕದವಳ ಮೊಣಕೈ ಸೊಂಟಕ್ಕೆ ತಿವಿಯುತ್ತದೆ, ಸರಿಯಲು ಜಾಗ ಇದ್ದರೆ ತಾನೇ, ಪಂಕಜಾ ಚೀಲವನ್ನು ಎದೆಗವಚಿಕೊಂಡಳು, ಚೀಲದಲ್ಲಿ ಹಾಲ್ ಟಿಕೆಟ್ಟು, ಎರಡು ಪೆನ್ನು, ಮೊಸರನ್ನದ ಡಬ್ಬಿ — ಮೂವತ್ತೆಂಟು ವರ್ಷದ ಹೆಂಗಸು ಪರೀಕ್ಷೆ ಬರೆಯಲು ಚರ್ಚ್‌ಗೇಟಿಗೆ ಹೊರಟಿದ್ದಾಳೆ, ಅದೂ ಎರಡನೆಯ ಸಲ, ಅದೂ ಕೊನೆಯ ಸಲ, ಒಂದು ಪೇಪರಿಗೆ ಎರಡೇ ಅವಕಾಶ, ಇವತ್ತು ಹೋಯಿತೆಂದರೆ ನಾಲ್ಕು ವರ್ಷದ ಓದು ನೀರಿನಲ್ಲಿ ಹೋಮ, ಬಿ.ಎ. ಎನ್ನುವುದು ಈ ಜನ್ಮಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಚಿತ್ರಕಲೆ, ಸ್ಲೈಡ್ ಪರೀಕ್ಷೆ, ಕತ್ತಲೆ ಮಾಡಿದ ಹಾಲಿನಲ್ಲಿ ಪರದೆಯ ಮೇಲೆ ಹತ್ತು ಚಿತ್ರ ತೋರಿಸುತ್ತಾರೆ, ಯಾವ ಚಿತ್ರ, ಯಾರು ಬರೆದದ್ದು, ಯಾವ ವರ್ಷ, ನಾಲ್ಕು ಸಾಲು ಟಿಪ್ಪಣಿ, ಅಷ್ಟೇ, ಅಷ್ಟೇ ಎಂದರೆ ಅಷ್ಟೇನಾ. ಗೋರೆಗಾಂವ್ ಬಂತು, ಇಳಿದವರು ಮೂರು ಜನ, ನುಗ್ಗಿದವರು ಮೂವತ್ತು ಜನ.

ಅರ್ಧ. ಮಗಳ ಸ್ಕೂಲಿನ ಫಾರ್ಮಿನಲ್ಲಿ ತಾಯಿಯ ವಿದ್ಯಾಭ್ಯಾಸ ಎಂದಿದ್ದ ಕಡೆ ಗಂಡ ಕೇಶವಮೂರ್ತಿಯವರು ಬಿ.ಎ. ಎಂದು ಬರೆದು, ಪೆನ್ನು ಎತ್ತಿ, ಯೋಚಿಸಿ, ಪಕ್ಕದಲ್ಲಿ ಅರ್ಧ ಎಂದು ಸೇರಿಸಿದ್ದರು, ಸತ್ಯವಂತರು, ಎಲ್‌ಡಿಸಿ ಗುಮಾಸ್ತರಾಗಿ ಸೇರಿ ಹೆಡ್‌ಕ್ಲಾರ್ಕ್ ಆದವರು, ಫಾರ್ಮಿನಲ್ಲಿ ಸುಳ್ಳು ಬರೆದರೆ ಕೈ ಉದುರೀತೆಂಬ ಭಯ, ಹೆಂಡತಿಯ ಮುಖ ಉದುರಿದ್ದು ಕಾಣಲಿಲ್ಲ. ಮೈಸೂರಿನಲ್ಲಿ ಎರಡನೆಯ ವರ್ಷ ಮುಗಿಯುವ ಮೊದಲೇ ಮದುವೆ, ಮುಂಬಯಿಯಲ್ಲಿ ಕಾಲೇಜಿಲ್ಲವೇನಮ್ಮ, ಅಲ್ಲೇ ಓದಿಕೊಂಡರಾಯಿತು ಎಂದಿದ್ದರು ಅಪ್ಪ, ಕಾಲೇಜುಗಳೇನೋ ಬೇಕಾದಷ್ಟಿದ್ದವು, ಪುರುಸೊತ್ತಿರಲಿಲ್ಲ. ಹದಿನಾರು ವರ್ಷದ ಮೇಲೆ ಅಂಚೆಯ ಕಾಲೇಜು ಸಿಕ್ಕಿತು, ಪಾಠಗಳು ಲಕೋಟೆಯಲ್ಲಿ ಬರುತ್ತವೆ, ಮಧ್ಯಾಹ್ನ ಟಿವಿಯಲ್ಲೂ ಬರುತ್ತವೆ, ಒಗ್ಗರಣೆ ಹಾಕಿ ಗ್ಯಾಸ್ ಆರಿಸಿ ಸೆರಗಿಗೆ ಕೈ ಒರೆಸಿಕೊಂಡು ಕೂತರೆ ಮನೆಯೇ ಕಾಲೇಜು. ಲಕ್ಷ್ಮಿ ಪಟ ನೋಡ್ಕೊಂಡು ಬೆಳೆದೋಳಿಗೆ ಫ್ರಾನ್ಸಿನೋರ ಪಟ ಯಾತಕ್ಕೆ ಕಣೇ, ಎಂದು ರೇಗಿಸಿದವರೂ ಕೇಶವಮೂರ್ತಿಯವರೇ, ಒಂದು ಸಂಜೆ ಆಫೀಸಿನಿಂದ ಬರುವಾಗ ಸುರುಳಿ ಸುತ್ತಿದ ಪ್ಲಾಸ್ಟಿಕ್ ಹಾಳೆ ತಂದವರೂ ಅವರೇ — ಮೇಲೆ ನೀಲಿ, ನಡುವೆ ತಿಳಿಗುಲಾಬಿ, ಕೆಳಗೆ ಹಸಿರು — ನೋಡು ಪಂಕಜಾ, ಅಂಧೇರಿ ಸ್ಟೇಷನ್ ಹೊರಗೆ ಮಾರ್ತಿದ್ರು, ಟಿವಿ ಮುಂದೆ ಅಂಟಿಸಿದ್ರೆ ಬ್ಲ್ಯಾಕ್ ಅಂಡ್ ವೈಟೇ ಕಲರ್ ಆಗುತ್ತಂತೆ, ನಿನ್ನ ಪಾಠಕ್ಕೂ ಆಯ್ತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಪಪ್ಪಾ, ಇದು ಚೀಟಿಂಗ್ ಇದೆ, ನ್ಯೂಸ್‌ವಾಲಿದು ಹೇರ್ ನೋಡಿ ನಾ, ಫುಲ್ ಬ್ಲೂ. ಅವರು ಮಾತ್ರ ಹಾಳೆಯ ನಾಲ್ಕು ಮೂಲೆಗೂ ಟೇಪು ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರು, ಆ ಮುಖದಲ್ಲಿದ್ದ ಖುಷಿಯನ್ನು ಕಂಡು ಪಂಕಜಾ ಹಾಳೆಯನ್ನು ಹಾಗೇ ಇರಗೊಟ್ಟಳು.

ಆದರೂ ದಡ್ಡಿಯಲ್ಲ ಅವಳು, ವಾರ್ತೆ ಓದುವವಳ ತಲೆ ನೀಲಿಯಾದರೆ ಅದು ಹಾಳೆಯ ಚೇಷ್ಟೆ ಎಂದು ಗೊತ್ತಿತ್ತು, ಆದರೆ ಪಾಠದ ಚಿತ್ರದೊಳಗಿನ ಹೆಂಗಸಿನ ತಲೆ ನೀಲಿಯಾದಾಗ — ಅಲ್ಲೇ ಎಡವಿದ್ದು — ಅಂಚೆಯಲ್ಲಿ ಬಂದ ಪಾಠವೇ ಹೇಳುತ್ತಿತ್ತಲ್ಲ, ಆ ಕಾಲದ ಚಿತ್ರಗಾರರು ಕಂಡ ಬಣ್ಣವನ್ನು ಬಿಟ್ಟು ಬೇರೆ ಬಣ್ಣ ಹಚ್ಚಿದರು, ನೆರಳಿಗೆ ಕಪ್ಪಿನ ಬದಲು ನೀಲಿ, ಕೆನ್ನೆಗೆ ಹಸಿರು, ಜನ ನೋಡಿ ನಕ್ಕರು, ಅವರು ಜಗ್ಗಲಿಲ್ಲ ಎಂದು, ಇವಳಿಗೆ ಅದು ಎಷ್ಟು ಹಿಡಿಸಿತ್ತು, ಜಗ್ಗಲಿಲ್ಲ ಎನ್ನುವುದು. ಹಾಗಾಗಿ ಬರೆದಳು, ಕಾಲೇಜಿಗೆ ಅಂಚೆಯಲ್ಲಿ ಕಳಿಸಬೇಕಾದ ಪ್ರಬಂಧ, ಇಪ್ಪತ್ತು ಪುಟ ಬರೆದಳು, ಆಕಾಶ ನೀಲಿ, ಹಣೆ ನೀಲಿ, ಸೊಂಟ ಗುಲಾಬಿ, ಪಾದ ಹಸಿರು, ದೋಣಿ ಹಸಿರು, ನಾಯಿ ಹಸಿರು, ಮನೆಯಲ್ಲಿ ಕೂತು ಬಣ್ಣದ ಮೇಲೇ ಗುರುತಿಟ್ಟುಕೊಂಡಳು, ಇದು ಹಸಿರು ಕೈಯವಳು, ಇದು ನೀಲಿ ಸೂರು. ಆಮೇಲೆ ಪರೀಕ್ಷೆ, ಹೋದ ವರ್ಷ, ಪರದೆಯ ಮೇಲೆ ಮೊದಲ ಚಿತ್ರ ಬಿತ್ತು, ನದಿಯ ಚಿತ್ರವೇ ಎಂಟಿದ್ದವು ಪಾಠದಲ್ಲಿ, ತೋಟದ ಚಿತ್ರ ಒಂಬತ್ತು, ಇಸ್ತ್ರಿ ಮಾಡುವ ಹೆಂಗಸರೇ ಮೂವರು, ಎಲ್ಲರೂ ತಮ್ಮ ತಮ್ಮ ನಿಜವಾದ ಬಣ್ಣ ಉಟ್ಟು ಬಂದಿದ್ದರು, ಇವಳಿಗೆ ಯಾರು ಯಾರೆಂದೇ ತಿಳಿಯಲಿಲ್ಲ. ಎರಡು ಮಾರ್ಕಿನಲ್ಲಿ ಹೋಯಿತು. ಪರೀಕ್ಷೆ ಮುಗಿದ ವಾರಕ್ಕೆ ಆ ಇಪ್ಪತ್ತು ಪುಟ ತಿದ್ದಿಸಿಕೊಂಡು ವಾಪಸು ಬಂದವು, ಕೊನೆಯಲ್ಲಿ ಒಂದು ಸಾಲು, ಮೇಲೆ ನೀಲಿ ಕೆಳಗೆ ಹಸಿರು ಬಳಿಯಬೇಕೆಂದು ಆ ಶತಮಾನದಲ್ಲಿ ಏನಾದರೂ ಕಾನೂನಿತ್ತೇ ಎಂದು. ಕೇಶವಮೂರ್ತಿಯವರು ಅದನ್ನು ಓದಿದರು, ರೇಗಿಸಲಿಲ್ಲ, ಎದ್ದು ಹೋಗಿ ಹಾಳೆಯನ್ನು ಕಿತ್ತು, ಮಡಚಿ, ಅಟ್ಟದ ಮೇಲೆ ಎಸೆದು, ಬಾಲ್ಕನಿಯಲ್ಲಿ ನಿಂತರು, ಇನ್ನೊಂದು ಸಲ ಕಟ್ಟು, ಬಿಡ್ಬೇಡ, ಎಂದಷ್ಟೇ ಅಂದರು, ಬೆನ್ನು ತಿರುಗಿಸಿಕೊಂಡೇ.

ದಾದರ್ ದಾಟಿತು, ಕೂತುಕೊಳ್ಳಲು ಜಾಗವಾಯಿತು, ಕೂತಳು, ಕಣ್ಣು ಮುಚ್ಚಿದರೆ ಆ ಇಸ್ತ್ರಿಯವಳು, ಮೂವರಲ್ಲಿ ಒಬ್ಬಳು, ಪಂಕಜಾಗೆ ಮೂವರಲ್ಲಿ ಅವಳೇ ಹೆಚ್ಚು, ಕುತ್ತಿಗೆ ಬಗ್ಗಿಸಿ ಮೇಜಿನ ಮೇಲೆ ಭಾರ ಹಾಕಿ ಒತ್ತುತ್ತಿರುತ್ತಾಳೆ, ಎಡ ಮಣಿಕಟ್ಟು ಈಚೆ ತಿರುಗಿರುತ್ತದೆ, ಮಣಿಕಟ್ಟಿನ ಮೇಲೊಂದು ಕಲೆ, ಪಾಠದ ಮಸಿ ಮೆತ್ತಿದ ಅಚ್ಚಿನಲ್ಲಿ ಕಪ್ಪು, ಹಾಳೆ ಹಚ್ಚಿದ ಟಿವಿಯಲ್ಲಿ ಹಸಿರು, ಹಾಳೆ ತೆಗೆದ ಮೇಲೆ ಬೂದಿ, ಮಣಿಕಟ್ಟಿನ ಮೇಲಿನ ನೆರಳು ದುಡಿಮೆಯ ದಣಿವನ್ನು ಸೂಚಿಸುತ್ತದೆ, ಪಾಠ ಮೂರು, ಪುಟ ಹದಿನಾಲ್ಕು, ಬಾಯಿಪಾಠ. ಹೋದ ಸಲ ಅವಳನ್ನೇ ತಪ್ಪಾಗಿ ಬರೆದುಬಂದದ್ದು, ಇನ್ನೊಬ್ಬ ಚಿತ್ರಗಾರನ ಹೆಸರು ಹಾಕಿ, ಸ್ವಂತ ತಂಗಿಯನ್ನು ಸ್ಟೇಷನ್ನಿನಲ್ಲಿ ಕಂಡು ನೀವು ಯಾರ ಪೈಕಿ ಎಂದು ಕೇಳಿದ ಹಾಗೆ, ಎಷ್ಟು ದಿನ ಆ ನಾಚಿಕೆ ಹೋಗಲಿಲ್ಲ. ಚರ್ಚ್‌ಗೇಟ್, ಚರ್ಚ್‌ಗೇಟ್, ಇಳಿಯಬೇಕು, ಚಪ್ಪಲಿ ಯಾರದೋ ಕಾಲಡಿಗೆ ಸಿಕ್ಕಿತು, ಬಿಡಿಸಿಕೊಂಡಳು.

ಹಾಲಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಬರೆಯುವವರ ಅನುಕೂಲಕ್ಕೆ ಹಿಂದಿನದೊಂದನ್ನು ಅರ್ಧ ಸರಿಸಿದ್ದಾರೆ, ಸುತ್ತ ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು, ಒಬ್ಬಳು ಕೇಳುತ್ತಾಳೆ, ಆಂಟಿ, ಆಪ್ ಸೂಪರ್‌ವೈಸರ್ ಹೈ ಕ್ಯಾ, ನಹೀ ಬೇಟಾ, ಸ್ಟೂಡೆಂಟ್, ಹೇಳುವಾಗ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಆ ಪದ ಬಾಯಿಗೆ ಕಲ್ಲುಸಕ್ಕರೆ. ಯಂತ್ರ ಕಟಕ್ ಎಂದಿತು. ನದಿ. ಅಯ್ಯೋ, ನದಿಯಿಂದಲೇ ಶುರು, ನೇರಳೆ ನೀರು, ಕಿತ್ತಳೆ ದಂಡೆ, ಯಾವ ನದಿ ಇದು, ಎಂಟರಲ್ಲಿ ಯಾವುದು, ಈ ಒಂದು ವರ್ಷ ಓದಿದ್ದೂ ಕಪ್ಪು ಬಿಳುಪಿನಲ್ಲೇ ಅಲ್ಲವೇ, ಬಣ್ಣದ ಪುಸ್ತಕ ಎಲ್ಲಿ ಸಿಗುತ್ತದೆ, ಲೈಬ್ರರಿಯಲ್ಲಿ ಬೀರುವಿನ ಗಾಜಿನೊಳಗಿಟ್ಟು ಬೀಗ ಹಾಕಿದ್ದಾರೆ, ಬಣ್ಣ ಕಣ್ಣಿಗೆ ಕುಕ್ಕುತ್ತಿದೆ, ಗುರುತು ಹತ್ತುತ್ತಿಲ್ಲ, ಮತ್ತೆ ಅದೇ ಆಗುತ್ತಿದೆ, ಮತ್ತೆ ಅದೇ — ಕಣ್ಣ ಅರ್ಧಾ ಮುಚ್ಚರಿ ಅಕ್ಕಾರ. ಯಾರಿದು, ಭೀಮರಾಯ, ದೀಪಾವಳಿಗೆ ಮೊದಲು ಬಿಲ್ಡಿಂಗಿಗೆ ಬಣ್ಣ ಹೊಡೆಯಲು ಬಂದಿದ್ದ ಬಿಜಾಪುರದ ಕಡೆಯವನು, ಮೂರನೆಯ ಮಾಳಿಗೆಯ ಅಡುಗೆಮನೆ ಕಿಟಕಿಯಾಚೆ ಬಿದಿರಿನ ಸಾರವೆಯ ಮೇಲೆ ನಿಂತು ಹಳೆಯ ಗೋಡೆಗೆ ಹೊಸ ಬಣ್ಣ ಹೊಂದಿಸುತ್ತಿದ್ದ, ಹೊಂದಿಸುವಾಗ ಕಣ್ಣು ಕಿರಿದು ಮಾಡುತ್ತಿದ್ದ, ಬಿಸಿಲಿಗೋ ಎಂದರೆ ಆ ಕಡೆ ಬಿಸಿಲೇ ಇರಲಿಲ್ಲ, ಯಾಕಪ್ಪಾ ಹಾಗೆ ನೋಡ್ತೀಯ ಎಂದು ಕೇಳಿ ಚಹಾ ಕೊಟ್ಟಿದ್ದಳು. ಕಣ್ಣ ಪೂರಾ ತಗದ ನೋಡಿದರ ಬಣ್ಣಾನ ಕಾಣತೈತ್ರಿ, ಎಲ್ಲಿ ತಿಳಿ ಐತಿ ಎಲ್ಲಿ ದಟ್ಟ ಐತಿ ತಿಳಿಯೂದಿಲ್ಲ, ಅರ್ಧಾ ಮುಚ್ಚರಿ, ಬಣ್ಣ ಸರೀತೈತಿ, ನೆರಳು ಬೆಳಕ ಅಷ್ಟ ಉಳೀತೈತಿ, ನಮ್ಮ ಮೇಸ್ತ್ರಿ ಧರ್ಮಣ್ಣ ಕಲಿಸಿದ್ದ ನೋಡ್ರಿ, ಎಂದು ಚಹಾ ಕುಡಿದ ಬಸಿಯನ್ನು ಬೋರಲು ಮಾಡಿ ಕಿಟಕಿಯ ಮೇಲಿಟ್ಟಿದ್ದ.

ಪಂಕಜಾ ಕಣ್ಣು ಅರ್ಧ ಮುಚ್ಚಿದಳು. ನೇರಳೆ ಆರಿತು, ಕಿತ್ತಳೆ ಆರಿತು, ಬೂದಿ ಉಳಿಯಿತು, ಬೂದಿಯಲ್ಲಿ ಓರೆಯಾಗಿ ಎರಡು ದೋಣಿ, ಸೇತುವೆಯ ಒಂದು ಕಮಾನು — ಇದು ನಾಲ್ಕನೆಯ ನದಿ, ಗೊತ್ತು, ಗೊತ್ತು, ಮಂಗಳವಾರದ ಪಾಠ, ಆಗ ಕುಕ್ಕರ್ ಮೂರು ಸಲ ಕೂಗಿತ್ತು, ಹೆಸರು, ವರ್ಷ, ಚಿತ್ರಗಾರ, ಎಲ್ಲ ಒಂದರ ಹಿಂದೊಂದು ಬಂತು. ಕಟಕ್, ತೋಟ, ಕಣ್ಣು ಕಿರಿದು, ಬೂದಿ, ಗೊತ್ತು. ಕಟಕ್, ಹೊಗೆ ತುಂಬಿದ ಸ್ಟೇಷನ್ನು, ಗೊತ್ತು. ಐದಾಯಿತು, ಏಳಾಯಿತು, ಒಂದು ಮಾತ್ರ ಕೈಕೊಟ್ಟಿತು, ಕೊಡಲಿ, ಪಕ್ಕದ ಹುಡುಗಿ ವಿಚಿತ್ರವಾಗಿ ನೋಡುತ್ತಿದ್ದಾಳೆ, ಆಂಟಿಗೆ ನಿದ್ದೆ ಬಂದಿದೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ಪೆನ್ನು ಓಡುತ್ತಿದೆ, ಇಷ್ಟು ವರ್ಷ ಬಣ್ಣವಿಲ್ಲ ಬಣ್ಣವಿಲ್ಲ ಎಂದು ಹಲುಬಿದ್ದೇನು, ಆ ಬೂದಿಯಲ್ಲೇ ಎಲ್ಲವನ್ನೂ ಇಟ್ಟುಕೊಂಡು ಕೂತಿದ್ದಳಲ್ಲ. ಕಟಕ್, ಹತ್ತು, ಕೊನೆಯದು, ಕಿರಿದು ಮಾಡಿದ ಕಣ್ಣಿಗೆ ಬಗ್ಗಿದ ಕುತ್ತಿಗೆ ಮೊದಲು ಕಂಡಿತು, ಅವಳು, ಅವಳೇ, ಈ ಸಲ ತಪ್ಪುವುದಿಲ್ಲ ತಾಯಿ, ಹೆಸರು ಬರೆದಳು, ವರ್ಷ ಬರೆದಳು, ನಾಲ್ಕು ಸಾಲು ಬರೆದಳು, ಕೊನೆಯ ಸಾಲು ಬಾಯಿಪಾಠದಿಂದ ತಾನಾಗಿ ಇಳಿಯಿತು, ಮಣಿಕಟ್ಟಿನ ಮೇಲಿನ ನೆರಳು, ಶ್ಯಾಡೋ ಎಂದು ಇಂಗ್ಲಿಷಿನಲ್ಲಿ, ದುಡಿಮೆಯ ದಣಿವನ್ನು ಸೂಚಿಸುತ್ತದೆ. ಮುಗಿಯಿತು. ಇನ್ನೂ ಐದು ನಿಮಿಷ ಎಂದು ಸೂಪರ್‌ವೈಸರ್ ಕೂಗಿದರು, ಚಿತ್ರವನ್ನು ತೆಗೆಯಲಿಲ್ಲ, ಹಾಗೇ ಬಿಟ್ಟರು.

ಇನ್ನೇನು, ಪರೀಕ್ಷೆಗಲ್ಲದೆ ಸುಮ್ಮನೆ ನೋಡಬಹುದು ಎಂದು ಪಂಕಜಾ ಕಣ್ಣು ಪೂರಾ ತೆರೆದಳು. ಗೋಡೆ ಮಾಸಲು ನೀಲಿ, ರವಿಕೆ ಗಂಜಿಯ ಬಿಳಿ, ಕೂದಲು ಕಬ್ಬಿಣದ ತುಕ್ಕಿನ ಬಣ್ಣ, ಮಣಿಕಟ್ಟು — ಮಣಿಕಟ್ಟಿನ ಮೇಲೆ ಕೆಂಪು. ನೆರಳೆಲ್ಲಿದೆ ಅಲ್ಲಿ, ನೆರಳು ಬೀಳಬೇಕಾದರೆ ಬೆಳಕು ಆ ಕಡೆಯಿಂದ ಬರಬೇಕು, ಚಿತ್ರದೊಳಗಿನ ಕಿಟಕಿ ಈ ಕಡೆ ಇದೆ, ಅದು ಕೆಂಪು, ಅಂಚಿನಲ್ಲಿ ದಟ್ಟ, ನಡುವೆ ಹೊಳಪು, ನೀರು ತುಂಬಿಕೊಂಡ ಚರ್ಮದ ಹೊಳಪು, ಸುಟ್ಟಿದೆ, ಇಸ್ತ್ರಿಪೆಟ್ಟಿಗೆಯ ಅಂಚು ತಗುಲಿ ಬೆಳಿಗ್ಗೆಯೇ ಸುಟ್ಟಿದೆ, ಕಾವಲಿಯ ಅಂಚು ತಗುಲಿಸಿಕೊಂಡ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ಪಾಠ ಬರೆದ ಮಹಾನುಭಾವರು ಎಂದಾದರೂ ಒಂದು ದೋಸೆ ಹೊಯ್ದಿದ್ದರೆ ತಾನೇ. ಆದರೆ ತಿದ್ದುವವರು ಪುಟ ಹದಿನಾಲ್ಕನ್ನು ಮುಂದಿಟ್ಟುಕೊಂಡು ತಿದ್ದುತ್ತಾರೆ, ಅಲ್ಲಿ ನೆರಳೆಂದಿದ್ದರೆ ನೆರಳು, ಆ ಸಾಲಿಗೆ ಎರಡು ಮಾರ್ಕು, ಹೋದ ಸಲ ಹೋದದ್ದು ಎರಡೇ ಮಾರ್ಕಿನಲ್ಲಿ, ಒಂದು ಚಿತ್ರ ಈಗಾಗಲೇ ಕೈಕೊಟ್ಟಿದೆ, ಹುಚ್ಚುತನ ಬೇಡ ಪಂಕಜಾ, ಬರೆದದ್ದು ಇರಲಿ, ಬಿ.ಎ. ಅರ್ಧ, ಫಾರ್ಮು, ಬಾಲ್ಕನಿಯಲ್ಲಿ ತಿರುಗಿಸಿದ ಬೆನ್ನು, ಬಿಡ್ಬೇಡ, ಬಿಡಬೇಡ ಎಂದರೆ ಯಾವುದನ್ನು, ಇರಲಿ, ನೆರಳೇ ಇರಲಿ — ಇರಲಿ ಎನ್ನುವಾಗಲೂ ಕಣ್ಣು ಅಲ್ಲಿಂದ ಏಳುತ್ತಿಲ್ಲ, ಮೊದಲ ಸಲ ಯಾರೂ ಹಾಳೆ ಅಂಟಿಸದೆ, ಯಾರೂ ಹೇಳಿಕೊಡದೆ ತಾನಾಗಿ ಕಂಡದ್ದು, ಇವಳು ನೋವನ್ನು ಇಟ್ಟುಕೊಂಡು ಬಟ್ಟೆ ಒತ್ತುತ್ತಿದ್ದಾಳೆ, ಅದನ್ನು ನೆರಳೆಂದು ಬರೆದುಬಂದರೆ ಮತ್ತೆ ಇವಳ ಗುರುತು ತಪ್ಪಿಸಿದ ಹಾಗೆಯೇ. ಪೆನ್ನು ಶ್ಯಾಡೋ ಎಂಬುದರ ಮೇಲೆ ಗೆರೆ ಎಳೆಯಿತು, ಒಂದೇ ಗೆರೆ, ನೇರ, ಅದರ ಮೇಲ್ಗಡೆ ಬರೆದಳು, ಇದು ನೆರಳಲ್ಲ, ಸುಟ್ಟ ಗಾಯ, ಇದರ ಬಣ್ಣ ಕೆಂಪು. ಬೆಲ್ ಹೊಡೆಯಿತು, ಪೇಪರ್ ದೀಜಿಯೆ ಮೇಡಮ್, ಕೊಟ್ಟಳು, ಕುರ್ಚಿಗಳು ಸರಿದವು, ಯಾರೋ ಕಿಟಕಿಯ ಕಪ್ಪು ಬಟ್ಟೆ ಎಳೆಯುತ್ತಿದ್ದಾರೆ, ಬೆಳಕು ಒಳಗೆ ಬರುತ್ತಿದೆ, ಪರದೆ ಬೆಳ್ಳಗಾಗುತ್ತಿದೆ, ಗೋಡೆಯ ನೀಲಿ ಹೋಯಿತು, ರವಿಕೆ ಹೋಯಿತು, ಕುತ್ತಿಗೆ ಹೋಯಿತು, ಇನ್ನೂ ಆ ಮಣಿಕಟ್ಟು, ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಕೆಂಪು, ಕೆಂಪು