ಲಿಫ್ಟಿನ ನೆತ್ತಿಯ ಮೇಲೆ

ಗೋಡೆಯಲ್ಲಿ ಇನ್ನೊಂದು ಮೊಳೆಗೆ ಜಾಗವಿರಲಿಲ್ಲ. ಲಿಫ್ಟ್ ತಪಾಸಣೆ, ಅಗ್ನಿ ಸುರಕ್ಷತೆ, ವಿದ್ಯುತ್ ಮೇಲ್ವಿಚಾರಣೆ, ಕ್ರೇನು... ಎಲ್ಲ ಪ್ರಮಾಣಪತ್ರಗಳೂ ಗಾಜಿನೊಳಗೆ ಬೆಚ್ಚಗೆ ಕೂತಿದ್ದವು. ಅವುಗಳ ಕೆಳಗೆ ನಿಂತು ತಂಗಿ ಮೊಬೈಲಿನಲ್ಲಿ ಮತ್ತೊಂದು ಕೋರ್ಸಿನ ಅರ್ಜಿ ತುಂಬುತ್ತಿದ್ದಳು. ಅದಕ್ಕೆ ಇವತ್ತೇ ಕೊನೆಯ ದಿನ.

"ಮತ್ತೆ ಶುರುವಾಯ್ತಾ?" ಅಡುಗೆಮನೆಯಿಂದ ಅಕ್ಕ ಇಣುಕಿದಳು. "ಈ ಸಲದ್ದನ್ನ ಎಲ್ಲಿ ನೇತುಹಾಕ್ತೀಯಾ ತಾಯಿ, ನನ್ನ ಕೊರಳಿಗಾ?"

"ಇದೊಂದೇ ಅಕ್ಕಾ. ಆಮೇಲೆ ಸಾಕು."

"ಹೋದ ಸಲನೂ ಇದೇ ರಾಗ ಹಾಡಿದ್ದೆ."

ತಂಗಿ ಅರ್ಜಿಯ ಕೊನೆಯ ಖಾನೆಗೆ ಬಂದಳು. ಓದುವಷ್ಟು ದಿನ ಅವಳಿಗೆ ಭಯವಿರುತ್ತಿರಲಿಲ್ಲ. ಓದು ಮುಗಿದ ಮರುದಿನವೇ ಎದೆಯ ಮೇಲೆ ಕಲ್ಲು ಬಂದು ಕೂರುತ್ತಿತ್ತು. ಇಷ್ಟು ವರ್ಷ ಕಂಪನಿಯಲ್ಲಿ ಬೇರೆಯವರ ವರದಿ ತಿದ್ದಿದ್ದಳೇ ಹೊರತು, ಒಂದೇ ಒಂದು ಲಿಫ್ಟಿಗೂ ಜನ ಹತ್ತಬಹುದೆಂದು ತಾನು ಸಹಿ ಹಾಕಿರಲಿಲ್ಲ. ಹಾಕುವ ಹೊತ್ತು ಬಂದಾಗಲೆಲ್ಲ ಯಾವುದಾದರೊಂದು ಕೋರ್ಸು ಅಡ್ಡ ನಿಂತು ಕಾಪಾಡಿತ್ತು. ನಿನ್ನೆ ಕಂಪನಿಯ ಯಜಮಾನರು ಆ ಬಾಗಿಲನ್ನೂ ಮುಚ್ಚಿದ್ದರು: "ನಾಳೆಯ ಲಿಫ್ಟು ನೀನೇ ನೋಡಿ ನೀನೇ ಸಹಿ ಹಾಕ್ಬೇಕಮ್ಮಾ. ಆಗಲ್ಲ ಅಂದ್ರೆ ಹಾಯಾಗಿ ಓದ್ಕೊಂಡಿರು, ಇಲ್ಲಿಗೆ ಬರೋದು ಬೇಡ."

ತುಂಬಿದ ಅರ್ಜಿಯನ್ನು ಸಲ್ಲಿಸದೆಯೇ ಹೊರಟಳು.

ಹಳೆಯ ಕಟ್ಟಡ. ಕೆಳಗೆ ಚೀಲ ಹಿಡಿದ ಮುದುಕರೊಬ್ಬರು ಕಾಯುತ್ತಿದ್ದರು. "ಬೇಗ ಮುಗ್ಸಮ್ಮಾ, ನನ್ನ ಮೊಣಕಾಲು ರಾಜೀನಾಮೆ ಕೊಟ್ಟು ಎಷ್ಟೋ ಕಾಲ ಆಯ್ತು."

ಮೇಲಿನ ಮಹಡಿಗೆ ಹೋಗಿ, ಲಿಫ್ಟಿನ ನೆತ್ತಿಯ ಮೇಲೆ ಇಳಿದು ನಿಂತಳು. ತಪಾಸಣೆಯೆಂದರೆ ಹೀಗೆಯೇ: ಪೆಟ್ಟಿಗೆಯ ಮೇಲೆ ನಿಂತು, ಗುಂಡಿ ಒತ್ತುತ್ತ, ಕತ್ತಲ ಕೊಳವೆಯಲ್ಲಿ ಮೆಲ್ಲಗೆ ಇಳಿದು ಏರಬೇಕು. ಯಜಮಾನರು ಬಾಗಿಲ ಬಳಿ ಕೈಕಟ್ಟಿ ನಿಂತರು. ಗ್ರೀಸಿನ ವಾಸನೆ. ಉಕ್ಕಿನ ಹಗ್ಗಗಳ ನಿಧಾನ ಜಾರಾಟ. ನಡುವೆಲ್ಲೋ ಒಂದು ಸಣ್ಣ 'ಟಕ್'.

ಮೇಲೆ ಹೋಗಿ ಮತ್ತೆ ಇಳಿದಳು. ಟಕ್. ಇನ್ನೊಮ್ಮೆ ಇಳಿದಳು. ಈ ಸಲ ಏನೂ ಇಲ್ಲ. ಸದ್ದಿಗಿಂತ ಆ ಮೌನವೇ ಅವಳನ್ನು ಹೆಚ್ಚು ಹೆದರಿಸಿತು. ಬ್ರೇಕು, ಹಗ್ಗ, ಹಳಿ, ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದಳು. ಎಲ್ಲ ಪುಸ್ತಕದಲ್ಲಿದ್ದ ಹಾಗೇ ಇದ್ದವು. ಯಜಮಾನರಿದ್ದ ಬಾಗಿಲಿಗೆ ಮರಳಿ ಏರಿದಳು.

"ಸರ್, ಒಂದು ಸದ್ದು ಬಂತು. ನೀವೊಮ್ಮೆ ಕೇಳ್ತೀರಾ?"

"ನನ್ನ ಕಿವೀನ ಎಷ್ಟು ದಿನ ಅಂತ ಬಾಡಿಗೆಗೆ ಕೊಡ್ಲಿ ನಿಂಗೆ?"

ಅವಳು ಮೊಬೈಲ್ ತೆಗೆದಳು. ಆ ಕತ್ತಲಲ್ಲೂ ಅರ್ಜಿ ಬೆಳಗುತ್ತಿತ್ತು. ಕೆಳಗೆ 'ಸಲ್ಲಿಸಿ' ಎಂಬ ಗುಂಡಿ. ಒತ್ತಿದರೆ ಮುಗಿಯಿತು. ಹತ್ತಿ ಹೊರಗೆ ಹೋದರಾಯಿತು, ಬೇರೆ ಯಾರೋ ಬಂದು ಸಹಿ ಹಾಕುತ್ತಾರೆ. ಹೆಬ್ಬೆರಳು ಗಾಜಿನವರೆಗೂ ಹೋಗಿ ನಿಂತಿತು. ಬರುವವರಿಗೆ ಆ ಸದ್ದು ಕೇಳಿಸದೇ ಹೋದರೆ? ಈಗ ಅದನ್ನು ಕೇಳಿರುವವಳು ಲೋಕದಲ್ಲಿ ತಾನೊಬ್ಬಳೇ. ತಾನು ಹೋದರೆ ಅದೂ ತನ್ನ ಜೊತೆಗೇ ಹೋಗುತ್ತದೆ.

"ಸಹಿ ಹಾಕ್ತೀನಿ ಸರ್," ಎಂದಳು. ಮೊಬೈಲನ್ನು ಜೇಬಿಗೆ ಹಾಕಿದಳು. "ಯಾರೂ ಹತ್ತಬಾರದು ಅಂತ."

"ಕಾರಣ?"

"ಗೊತ್ತಿಲ್ಲ. ಸದ್ದು ಬಂತು."

"ನಾಳೆ ಬಿಚ್ಚಿ ನೋಡಿದಾಗ ಏನೂ ಇಲ್ದೇ ಹೋದ್ರೆ, ಊರೆಲ್ಲ ನಗುತ್ತೆ. ನಾನೂ ನಗ್ತೀನಿ."

"ಗೊತ್ತು ಸರ್."

ಅವರು ವರದಿಯನ್ನೂ ಪೆನ್ನನ್ನೂ ಚಾಚಿದರು. ಸಹಿ ಹಾಕಿ ನೋಡಿದರೆ ಅವಳ ಹೆಸರು ಯಾರದೋ ಹೆಸರಿನಂತೆ ಕಂಡಿತು.

ಕೆಳಗೆ ಲಿಫ್ಟಿಗೆ ಬೋರ್ಡು ತೂಗುಹಾಕಿದಾಗ ಮುದುಕರು ಬಾಯಿಗೆ ಬಂದಂತೆ ಬೈದರು. ಅವಳು ಅವರ ಚೀಲ ಎತ್ತಿಕೊಂಡು ಹಿಂದೆಯೇ ಮೆಟ್ಟಿಲು ಹತ್ತಿದಳು. ಮೊಬೈಲು ಜೇಬಿನಲ್ಲಿ ಭಾರವಾಗಿತ್ತು. ಅರ್ಜಿಗೆ ಇನ್ನೂ ಸಮಯವಿತ್ತು.

ಮಹಡಿಗೊಮ್ಮೆ ಮುದುಕರು ಉಸಿರು ಬಿಡಲು ನಿಂತರು. "ಹಾಳು ಸಹಿ ನಿಂದು," ಎಂದು ಗೊಣಗಿದರು. ಅವರು ನಿಂತಾಗಲೆಲ್ಲ ಅವಳು ಮುಚ್ಚಿದ ಲಿಫ್ಟಿನ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಏನೂ ಕೇಳಿಸಲಿಲ್ಲ.